ಹೊಲಿಗೆ ಬಿಚ್ಚಿಸಲು ಬರುವ ಹೆಣ್ಣುಮಕ್ಕಳ ಪರವಾಗಿ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಕೊಪ್ಪಳ ಜಿಲ್ಲೆಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ ನಮಸ್ಕಾರ.

ನಾನು ಲೇಡೀಸ್ ಟೈಲರ್. ಬಿ.ಎಸ್ಸಿ. ಮುಗಿಸಿದೆ, ಕೆಲಸ ಸಿಗಲಿಲ್ಲ, ಮಿಷಿನ್ ಹಿಡಿದೆ. ಡಾಕ್ಟರ ಮುಂದೆ ಕೂತು ಮಾತಾಡುವಷ್ಟು ಓದಿಲ್ಲ. ಆದರೆ ಒಂದು ವಿಷಯದಲ್ಲಿ ನಿಮ್ಮ ಇಲಾಖೆಗಿಂತ ನನ್ನ ಹತ್ತಿರ ಜಾಸ್ತಿ ದಾಖಲೆ ಇದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಈ ಊರಿನ ಹೆಣ್ಣುಮಕ್ಕಳ ಅಳತೆ. ಎದೆ, ಸೊಂಟ, ಹಿಪ್ಪು, ತೋಳಿನ ಸುತ್ತಳತೆ. ವರ್ಷಗಟ್ಟಲೆ ಅದೇ ಗಿರಾಕಿಗಳು, ಪ್ರತಿ ಅಳತೆಯ ಪಕ್ಕ ತಾರೀಖು. ತೂಕದ ಯಂತ್ರ ಒಂದೇ ಅಂಕಿ ತೋರಿಸುತ್ತದೆ. ಟೇಪಿನಲ್ಲಿ ಎಲ್ಲಿ ಇಳಿಯಿತು, ಎಲ್ಲಿ ಏರಿತು ಅನ್ನುವುದೂ ಗೊತ್ತಾಗುತ್ತದೆ.

ಊಟ ಬಿಟ್ಟು ಬೇಗ ತೂಕ ಇಳಿಸಿಕೊಂಡವರಲ್ಲಿ ನಾನು ನೋಡುತ್ತಿರುವುದು ಇದು. ಒಬ್ಬರು ಬರುತ್ತಾರೆ, ಟಾಪು ದೊಗಳೆ ಆಗಿರುತ್ತದೆ. 'ಅಕ್ಕಾರ, ಎರಡೂ ಕಡೆ ಹಿಡೀರಿ' ಅನ್ನುತ್ತಾರೆ, ಮುಖದ ತುಂಬ ನಗು. ಮನೆಯಲ್ಲಿರುವ ಡ್ರೆಸ್ಸೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದಿರುತ್ತಾರೆ. ನಾನು ಹಿಡಿದು ಕೊಡುತ್ತೇನೆ, ಆದರೆ ಒಳಗಿನ ಬಟ್ಟೆ ಕತ್ತರಿಸುವುದಿಲ್ಲ. 'ಕತ್ತರಿಸಿಬಿಡ್ರಿ, ಇನ್ನ ಮ್ಯಾಲೆ ಬೇಕಾಗಂಗಿಲ್ಲ' ಅಂತ ನನ್ನ ಜೊತೆ ವಾದ ಮಾಡಿದವರೂ ಇದ್ದಾರೆ. ವರ್ಷ, ಒಂದೂವರೆ ವರ್ಷದಲ್ಲಿ ಅವರಲ್ಲಿ ಎಷ್ಟೋ ಜನ ಅದೇ ಚೀಲ ಹಿಡಿದು ಮತ್ತೆ ಬರುತ್ತಾರೆ. ಈ ಸಲ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ದನಿ ತಗ್ಗಿಸಿ, 'ಹೊಲಿಗಿ ಬಿಚ್ಚಿ ಕೊಡ್ರಿ' ಅಂತ.

ಆಗ ಅಳತೆ ತೆಗೆದರೆ ಒಂದು ವಿಚಿತ್ರ ಕಾಣುತ್ತದೆ. ಸೊಂಟ ಮೊದಲು ಇದ್ದದ್ದಕ್ಕಿಂತಲೂ ದಾಟಿರುತ್ತದೆ. ತೋಳು ಮಾತ್ರ ಇನ್ನೂ ಸಣ್ಣ. ಹೆಗಲ ಮೂಳೆ ಕಾಣುತ್ತಿರುತ್ತದೆ, ಹೊಟ್ಟೆ ಮುಂದೆ ಬಂದಿರುತ್ತದೆ. ಹಳೇ ಅಳತೆಗೆ ಬಿಚ್ಚಿ ಕೊಟ್ಟರೂ ಡ್ರೆಸ್ ಕೂರುವುದಿಲ್ಲ, ಹೊಸದಾಗಿಯೇ ಕಟ್ ಮಾಡಬೇಕು. 'ನನ್ನ ಮೈ ನನಗ ಗುರ್ತ ಸಿಗವಲ್ದು' ಅಂತ ಒಬ್ಬರು ಕನ್ನಡಿ ಮುಂದೆ ನಿಂತು ಹೇಳಿದರು. ಇದು ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡು ಓದಲು ಶುರು ಮಾಡಿದವಳು ನಾನು. ಓದಿದ್ದನ್ನು ನಿಮಗೂ ಹೇಳುತ್ತೇನೆ, ನಿಮಗೆ ಗೊತ್ತಿದ್ದರೂ ಕೇಳಿ, ಯಾಕೆಂದರೆ ಜನರಿಗೆ ಯಾರೂ ಹೇಳುತ್ತಿಲ್ಲ.

1944ರ ಕೊನೆಗೆ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ಯೂರೋಪಿನಲ್ಲಿ ಹಸಿದು ಬಿದ್ದವರಿಗೆ ಮತ್ತೆ ಊಟ ಹೇಗೆ ಕೊಡಬೇಕು ಅಂತ ತಿಳಿಯಲು. ಬಂದೂಕು ಹಿಡಿಯುವುದಿಲ್ಲ ಎಂದ 36 ಗಟ್ಟಿಮುಟ್ಟಾದ ಯುವಕರು ತಾವಾಗಿ ಮುಂದೆ ಬಂದರು. 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲರಿ ಊಟ, ಜೊತೆಗೆ ವಾರಕ್ಕೆ 35 ಕಿಲೊಮೀಟರ್ ನಡಿಗೆ. ಮೈ ತೂಕದ ಕಾಲುಭಾಗ ಹೋಯಿತು. ಅದು ನಿರೀಕ್ಷೆ ಮಾಡಿದ್ದೇ. ಆದರೆ ಅವರ ತಲೆಯೊಳಗೂ ಏನೋ ಆಯಿತು. ಹಗಲು ರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಕೂಡಿಹಾಕಿದರು. ತಟ್ಟೆ ನೆಕ್ಕಿದರು. ಬೇಸಿಗೆಯಲ್ಲೂ ಚಳಿ ಅಂದರು. ಸಣ್ಣಸಣ್ಣದಕ್ಕೂ ಸಿಟ್ಟು, ಅಳು. ಇವರು ಮನೋಬಲ ಇಲ್ಲದವರಾಗಿರಲಿಲ್ಲ, ಯುದ್ಧಕ್ಕೇ ಇಲ್ಲ ಅಂದವರು.

ಮತ್ತೆ ಊಟ ಕೊಟ್ಟಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿ ಇಲ್ಲ. ಕಾಲು, ಮುಖ ಹಸಿದಿದ್ದಾಗಲೇ ಊದಿಕೊಂಡಿತ್ತು. ತೂಕ ವಾಪಸ್ ಬರುವಾಗ ಮೊದಲು ಬಂದದ್ದು ಕೊಬ್ಬು, ಸ್ನಾಯು ಹಿಂದೆ ಉಳಿಯಿತು. ಸ್ನಾಯು ಪೂರ್ತಿ ಮರಳುವ ಹೊತ್ತಿಗೆ ಕೊಬ್ಬು ಹಳೇ ಮಟ್ಟವನ್ನು ದಾಟಿಹೋಗಿತ್ತು. ಅಲ್ಲಿವರೆಗೂ ಹಸಿವು ಅವರನ್ನು ಬಿಡಲಿಲ್ಲ.

ನನ್ನ ಟೇಪಿಗೆ ಸಿಕ್ಕಿದ ಸಣ್ಣ ತೋಳು, ದೊಡ್ಡ ಸೊಂಟದ ಉತ್ತರ ಇದೇ ಅಲ್ವಾ.

ಬರ ಕಂಡ ರೈತ ಮರುವರ್ಷ ಜೋಳ ಬಂದ ಕೂಡಲೇ ಮೊದಲು ಹಗೇವು ತುಂಬುತ್ತಾನೆ, ಮನೆಗೆ ಸುಣ್ಣ ಹಚ್ಚುವುದು ಆಮೇಲೆ. ಮೈಯೂ ಹಾಗೇ ಮಾಡುತ್ತದೆ. ಹೊಟ್ಟೆಯ ಸುತ್ತ ಮೊದಲು ಕೂಡಿಡುತ್ತದೆ, ಒಳಗಿನ ಅಂಗಗಳ ಹತ್ತಿರ. ತೀರಾ ಸೊರಗಿ ಚೇತರಿಸಿಕೊಂಡವರನ್ನು ಡಾಕ್ಟರುಗಳು ಗಮನಿಸಿದಾಗಲೂ ಇದೇ ಕಂಡಿದೆ. ಊಟ ಸರಿಯಾಗಿ ಮುಂದುವರಿದರೆ ಒಂದು ವರ್ಷದ ಆಸುಪಾಸಿನಲ್ಲಿ ಆ ಕೊಬ್ಬು ಮೈಗೆಲ್ಲ ಹಂಚಿಕೊಳ್ಳುತ್ತದೆ. ಆ ವರ್ಷವೇ ಕಷ್ಟದ ವರ್ಷ. ಹೊಟ್ಟೆ ನೋಡಿ ಗಾಬರಿಯಾಗಿ ಮತ್ತೆ ಊಟ ಬಿಡುವುದು ಆ ವರ್ಷದಲ್ಲೇ. ಮತ್ತೆ ಮೊದಲಿನಿಂದ ಶುರು.

ಕೀಸ್ ಬಗ್ಗೆ ಇನ್ನೊಂದು ಮಾತು. ಆರೋಗ್ಯ ಕೇಂದ್ರದ ಗೋಡೆ ಮೇಲೆ ಎತ್ತರಕ್ಕೆ ತಕ್ಕ ತೂಕ ನೋಡುವ ಬಿಎಂಐ ಚಾರ್ಟ್ ಇರುತ್ತದಲ್ಲ, ಆ ಲೆಕ್ಕಕ್ಕೆ ಬಿಎಂಐ ಅಂತ ಹೆಸರಿಟ್ಟವರೂ ಇವರೇ, 1972ರಲ್ಲಿ. ಅವರ ಚಾರ್ಟು ಕೊಪ್ಪಳದವರೆಗೂ ಬಂತು, ಹಸಿವಿನ ಬಗ್ಗೆ ಅವರು ಕಂಡುಕೊಂಡದ್ದು ದಾರಿಯಲ್ಲೇ ಉಳಿಯಿತು.

ಈಗ ನಮ್ಮ ಊರಿಗೆ ಬನ್ನಿ. ತೂಕ ಇಳಿಸಲು ಬೆಳಿಗ್ಗೆಯೇ ಊಟದ ಬದಲು ಪುಡಿ ಕಲಸಿದ ಶೇಕ್ ಕುಡಿಸುವ ಮನೆಗಳು ಓಣಿ ಓಣಿಯಲ್ಲಿ ಆಗಿವೆ. ಹೆಸರು ಹೇಳುವುದಿಲ್ಲ, ಒಂದೇ ಹೆಸರಿನವೂ ಅಲ್ಲ. ಹೊರಗೆ ಪೋಷಣೆ, ಆರೋಗ್ಯ ಅಂತ ಬೋರ್ಡು. ಒಳಗೆ ಒಂದು ತೂಕದ ಯಂತ್ರ, ಗೋಡೆ ತುಂಬ ಮೊದಲಿನ ಫೋಟೋ, ಆಮೇಲಿನ ಫೋಟೋ. ನನ್ನ ಗಿರಾಕಿಗಳು ಹೇಳುವ ಪ್ರಕಾರ ಬೆಳಿಗ್ಗೆ ಪುಡಿ, ರಾತ್ರಿ ಪುಡಿ, ಮಧ್ಯಾಹ್ನ ಒಂದು ರೊಟ್ಟಿ, ಪಲ್ಯ, ಸೌತೆಕಾಯಿ. ಶೇಂಗಾ ಚಟ್ನಿ ಬಂದ್. ಅನ್ನ ಬಂದ್. ಹಬ್ಬದ ದಿನ ಹೋಳಿಗೆ ತಿಂದ ಫೋಟೋ ಸ್ಟೇಟಸ್‌ನಲ್ಲಿ ಕಂಡರೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರೆದುರು ಅಲ್ಲಿನ ಕೋಚ್ ಬೈಗುಳ. ಇದೆಲ್ಲ ಸೇರಿ ಸಾವಿರ ಕ್ಯಾಲರಿ ಮುಟ್ಟುವುದೇ ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ ಹೆಂಗಸಿಗೇ ದಿನಕ್ಕೆ 1,660 ಕ್ಯಾಲರಿ ಬೇಕು, ಓಡಾಡಿ ದುಡಿಯುವವರಿಗೆ 2,130. ಕೀಸ್ ತಮ್ಮ ಪ್ರಯೋಗದ ಹುಡುಗರಿಗೆ ಕೊಟ್ಟ ಊಟಕ್ಕಿಂತ ಕಡಿಮೆ ಊಟದಲ್ಲಿ ನಮ್ಮವರು ಮನೆ ಕೆಲಸ, ಹೊಲದ ಕೆಲಸ, ಶಾಲೆ ಕೆಲಸ ಮಾಡುತ್ತಿದ್ದಾರೆ, ಅದೂ ಏಪ್ರಿಲ್ ಬಿಸಿಲಿನಲ್ಲಿ, ಮೇಲೆ ದುಡ್ಡೂ ಕೊಟ್ಟು.

ಮೊದಲ ವಾರವೇ ಎರಡು ಕಿಲೊ ಇಳಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದರಲ್ಲಿ ಹೆಚ್ಚಿನದು ನೀರು. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಅಂತ ಒಂದು ಸಕ್ಕರೆ ಸಂಗ್ರಹ ಇರುತ್ತದೆ, ಅದರ ಒಂದೊಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದರೆ ಅದು ಖರ್ಚಾಗುತ್ತದೆ, ನೀರು ಹೋಗುತ್ತದೆ. ಮತ್ತೆ ಅನ್ನ ರೊಟ್ಟಿ ತಿಂದ ಎರಡು ದಿನಕ್ಕೆ ಅದೇ ನೀರು ವಾಪಸ್. ಹೆಣ್ಣುಮಗಳು ತೂಕದ ಯಂತ್ರ ಹತ್ತಿ ಎರಡು ಕಿಲೊ ಜಾಸ್ತಿ ನೋಡಿ ಅಳುತ್ತಾಳೆ. ಎರಡು ದಿನದ ಊಟದಲ್ಲಿ ಎರಡು ಕಿಲೊ ಕೊಬ್ಬು ಹೇಗೆ ಬಂದೀತು? ಆದರೆ ಅದನ್ನು ಹೇಳಿಬಿಟ್ಟರೆ ಡಬ್ಬಿ ಯಾರು ಕೊಳ್ಳುತ್ತಾರೆ.

ನನ್ನ ತಂಗಿಯದೇ ಹೇಳುತ್ತೇನೆ, ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಮದುವೆ ಗೊತ್ತಾದ ಮೇಲೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅಂತ ಊಟ ಬಿಟ್ಟಳು. ಇಳಿದಳು. ಎಲ್ಲರೂ ಹೊಗಳಿದರು. ಮದುವೆಯಾಗಿ ಕೆಲವು ತಿಂಗಳಿಗೆ ತಲೆ ಬಾಚಿದರೆ ಕೈತುಂಬ ಕೂದಲು. ಶಾಂಪೂ ಬದಲಾಯಿಸಿದಳು, ಎಣ್ಣೆ ಬದಲಾಯಿಸಿದಳು, ಗಂಡನ ಮನೆಯ ಬೋರ್‌ವೆಲ್ ನೀರನ್ನೂ ಬೈದಳು. ಊಟ ಬಿಟ್ಟ ಎರಡು ಮೂರು ತಿಂಗಳ ನಂತರ ಕೂದಲು ಉದುರುತ್ತದೆ, ಅದಕ್ಕೇ ಅದರ ಕಾರಣ ಯಾರಿಗೂ ಹೊಳೆಯುವುದಿಲ್ಲ. ಮುಟ್ಟು ನಿಂತಿತ್ತು. ಹೊಸ ಮದುವೆ, ಮುಟ್ಟು ಇಲ್ಲ ಅಂದರೆ ಅತ್ತೆ ಮನೆಯಲ್ಲಿ ಏನು ತಿಳಿದುಕೊಳ್ಳುತ್ತಾರೆ ನೀವೇ ಯೋಚಿಸಿ. ಸಿಹಿ ಹಂಚುವ ಮಾತೂ ನಡೆದಿತ್ತು. ಟೆಸ್ಟ್ ಮಾಡಿಸಿದರೆ ಏನೂ ಇಲ್ಲ. ಮೈಗೆ ಊಟ ಸಾಲದಿದ್ದರೆ ಮಿದುಳು ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು.

ಆಮೇಲೆ ಊಟ ಶುರುವಾಯಿತು, ತೂಕ ಬಂತು, ಮೊದಲಿಗಿಂತ ಜಾಸ್ತಿ ಬಂತು. ಒಂದು ಆಸ್ಪತ್ರೆಗೆ ಹೋದೆವು. ತೂಕ ನೋಡಿದರು. 'ಬಾಯಿ ಕಟ್ಟಮ್ಮ' ಅಂದರು. ಹಿಂದಿನ ಆರು ತಿಂಗಳಲ್ಲಿ ಏನು ತಿಂದೆ, ಎಷ್ಟು ಬೇಗ ಇಳಿದೆ ಅಂತ ಒಬ್ಬರೂ ಕೇಳಲಿಲ್ಲ. ಬಾಯಿ ಕಟ್ಟಿದ್ದಕ್ಕೇ ಹೀಗಾದವಳಿಗೆ ಮತ್ತೆ ಬಾಯಿ ಕಟ್ಟು ಅಂದರೆ ಏನು ಮಾಡಬೇಕು ಸಾರ್? ಅವಳು ಅದನ್ನೇ ಮಾಡಿದಳು, ಇನ್ನೊಂದು ಸಲ. ಎರಡನೇ ಸಲ ಅಷ್ಟು ಇಳಿಯಲೂ ಇಲ್ಲ.

ಅದಕ್ಕೂ ಕಾರಣ ಇದೆ. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಸ್ಪರ್ಧೆ ಒಂದಿತ್ತು. ಅದರಲ್ಲಿ ಭಾಗವಹಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷೆ ಮಾಡಿದ್ದು 2016ರಲ್ಲಿ ಪ್ರಕಟವಾಯಿತು. ಕಳೆದುಕೊಂಡ ತೂಕದಲ್ಲಿ ಹೆಚ್ಚಿನದು ವಾಪಸ್ ಬಂದಿತ್ತು. ಅಷ್ಟಾದರೂ ಅವರ ಮೈ ಸುಮ್ನೆ ಕೂತಾಗ ಖರ್ಚು ಮಾಡುವ ಕ್ಯಾಲರಿ, ಅವರ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆ ಇತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹತ್ತು ವಾರ ತೀರಾ ಕಡಿಮೆ ಊಟ ಕೊಟ್ಟು ತೂಕ ಇಳಿಸಿದವರನ್ನು ವರ್ಷ ಬಿಟ್ಟು ನೋಡಿದರು, 2011ರ ವರದಿ ಅದು. ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಇನ್ನೂ ಏರಿಯೇ ಇತ್ತು, ಹೊಟ್ಟೆ ತುಂಬಿತು ಅಂತ ತಿಳಿಸುವ ಲೆಪ್ಟಿನ್ ಇನ್ನೂ ಇಳಿದೇ ಇತ್ತು. ವರ್ಷದ ನಂತರವೂ ಅವರಿಗೆ ಮೊದಲಿಗಿಂತ ಜಾಸ್ತಿ ಹಸಿವು. ಅಂದರೆ ಮೈ ಒಂದು ಕಡೆ ಖರ್ಚು ಇಳಿಸಿದೆ, ಇನ್ನೊಂದು ಕಡೆ ಹಸಿವು ಏರಿಸಿದೆ. ಇದರ ಜೊತೆ ಗುದ್ದಾಡಿ ಸೋತವಳಿಗೆ ನಾವು ಬಾಯಿಚಪಲ ಅನ್ನುತ್ತೇವೆ.

ಸುಮ್ನೆ ಒಂದೇ ಕಡೆ ಮಾತಾಡಬಾರದು. ಸಕ್ಕರೆ ಕಾಯಿಲೆ, ಬಿಪಿ ನಮ್ಮ ಕಡೆ ಜಾಸ್ತಿಯಾಗಿರುವುದು ನನಗೂ ಗೊತ್ತು, ನಮ್ಮಪ್ಪನಿಗೇ ಎರಡೂ ಇವೆ. ಅಂಥವರಿಗೆ ಡಾಕ್ಟರು ತೂಕ ಇಳಿಸಿ ಅನ್ನುವುದರಲ್ಲಿ ತಪ್ಪಿಲ್ಲ. ಇರುವ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಸಕ್ಕರೆ, ಬಿಪಿಗೆ ಅನುಕೂಲ ಅಂತ ನಿಮ್ಮವರೇ ಹೇಳುತ್ತಾರೆ. ಅದು ನಿಧಾನ, ಮೇಲೆ ಒಬ್ಬರ ನಿಗಾ ಇರುತ್ತದೆ. ನಾನು ಹೇಳುತ್ತಿರುವುದು ಓಣಿಯ ಮನೆಯಲ್ಲಿ ರಕ್ತ ಪರೀಕ್ಷೆ ಇಲ್ಲದೆ, ಇಪ್ಪತ್ತು ವರ್ಷದ ಹುಡುಗಿಗೂ ಐವತ್ತರ ಅತ್ತೆಗೂ ಒಂದೇ ಡಬ್ಬಿ ಕೊಡುವವರ ಬಗ್ಗೆ. ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಅಪಾಯ ಇದೆ. ತೀರಾ ಸೊರಗಿದವರು ಒಮ್ಮೆಲೇ ಜಾಸ್ತಿ ತಿಂದರೆ ರಕ್ತದಲ್ಲಿ ರಂಜಕ ಕುಸಿದು ಜೀವಕ್ಕೇ ಕುತ್ತು ಬರಬಹುದು, ಅದನ್ನು ಆಸ್ಪತ್ರೆಯಲ್ಲೇ ನೋಡಿಕೊಳ್ಳಬೇಕು. ಶೇಕ್ ಮಾಡುವ ಅಕ್ಕನಿಗೆ ಇದು ಗೊತ್ತಿರುತ್ತದಾ? ಅವಳನ್ನೂ ನಾನು ಪೂರ್ತಿ ದೂರುವುದಿಲ್ಲ. ಅವಳೂ ನಮ್ಮಂತೆ ನಾಲ್ಕು ಕಾಸಿಗೆ ಒದ್ದಾಡುವವಳು, ಅವಳ ಮೇಲಿನವರು ಅವಳಿಗೆ ಕಲಿಸಿದ್ದು ಅಷ್ಟೇ.

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ಇದೇ ಜಿಲ್ಲೆಯಲ್ಲಿ ಮಕ್ಕಳು ಸೊರಗಿದ್ದಾರೆ ಅಂತ 2021ರ ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಮೊಟ್ಟೆ ಶುರುವಾಯಿತು. ಆಗ ಎಷ್ಟು ಗಲಾಟೆಯಾಯಿತು ನೆನಪಿದೆಯಾ. ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆಶಾ ಅಕ್ಕ ಮನೆಗೆ ಬಂದು ಕಬ್ಬಿಣದ ಮಾತ್ರೆ ಕೊಟ್ಟು ಹೋಗುತ್ತಾಳೆ. ಅದೇ ಮನೆಯ ಹೆಣ್ಣುಮಗಳು ಮರುದಿನ ಬೆಳಿಗ್ಗೆ ಸಾವಿರಾರು ರೂಪಾಯಿ ಕೊಟ್ಟು ಊಟ ಬಿಡಲು ಹೋಗುತ್ತಾಳೆ. ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ಬಂಡಿಗಟ್ಟಲೆ ಬರುತ್ತವೆ, ದಾಸೋಹದಲ್ಲಿ ಬಿಸಿ ಮಿರ್ಚಿ ಹಾಕುತ್ತಾರೆ, ಬಂದವರು ಯಾರೂ ಹಸಿದು ಹೋಗಬಾರದು ಅನ್ನುವ ಊರು ಇದು. ಆ ಸಾಲಿನಲ್ಲಿ ತಟ್ಟೆ ಮೇಲೆ ಕೈ ಅಡ್ಡ ಹಿಡಿದು 'ನನಗ ಬ್ಯಾಡ್ರಿ, ಕೋಚ್ ಬೈತಾರ' ಅಂದವಳನ್ನು ನಾನು ನೋಡಿದ್ದೇನೆ. ಹುಡುಗಿಗೆ ಹತ್ತೊಂಬತ್ತು ಇಪ್ಪತ್ತು ಇರಬಹುದು.

ಊರಿನವರಿಗೂ ಒಂದು ಮಾತು, ಸಾಹೇಬರು ಸ್ವಲ್ಪ ತಡೆಯಲಿ. ಮದುವೆ ಮನೆಗೆ ಕಾಲಿಟ್ಟ ಕೂಡಲೇ 'ಏನವಾ, ಭಾಳ ಮೈ ಬಂದೈತಲ್ಲ' ಅನ್ನುವುದನ್ನು ನಿಲ್ಲಿಸಿ. 'ಎಷ್ಟ್ ಚಂದ ಇಳಿದಿದ್ದಿ, ಮತ್ತ ಯಾಕ ಹಿಂಗಾದಿ' ಅನ್ನುವುದನ್ನಂತೂ ಇನ್ನೂ ಮೊದಲು ನಿಲ್ಲಿಸಿ. ಸೊರಗಿದಾಗ ಹೊಗಳಿದವರೂ ನೀವೇ, ಆಗ ಆಕೆಗೆ ತಲೆಸುತ್ತು, ಚಳಿ, ಮುಟ್ಟು ಇಲ್ಲ. ಈಗ ಮುಟ್ಟು ಮರಳಿದೆ, ನಿದ್ದೆ ಬರುತ್ತಿದೆ, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುವುದಿಲ್ಲ. ನೀವು ಕೇಳುವುದು ಮಾತ್ರ ಹೊಟ್ಟೆಯದ್ದು. ವೈನಿ, ಅತ್ತಿ, ಚಿಗವ್ವ ಅಂತ ಸಲುಗೆ ಇದ್ದವರೇ ಇದನ್ನು ಜಾಸ್ತಿ ಮಾಡುವುದು. ಗಂಡಸರೂ ಕಡಿಮೆ ಇಲ್ಲ, ಅವರದು ಜೋಕಿನ ರೂಪದಲ್ಲಿ ಬರುತ್ತದೆ.

ಇನ್ನು ಸಾಹೇಬರಿಗೆ ನನ್ನ ಬೇಡಿಕೆ.

ಪಿಎಚ್‌ಸಿಯಿಂದ ಜಿಲ್ಲಾ ಆಸ್ಪತ್ರೆವರೆಗೆ ಎಲ್ಲಿ ತೂಕ ನೋಡುತ್ತೀರೋ ಅಲ್ಲೆಲ್ಲ, ಬೈಯುವ ಮುಂಚೆ ಮೂರು ಪ್ರಶ್ನೆ ಕೇಳಲು ಹೇಳಿ. ಇತ್ತೀಚೆಗೆ ಬೇಗ ಇಳಿದಿದ್ದಿರಾ, ಏನು ತಿಂದು ಇಳಿದಿರಿ, ಮುಟ್ಟು ಸರಿಯಾಗಿ ಬರುತ್ತಿದೆಯಾ. ಇದಕ್ಕೆ ಯಂತ್ರ ಬೇಡ, ಬಜೆಟ್ ಬೇಡ. ತೂಕವನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಬಾರದು ಅಂತಲೂ ಹೇಳಿ. ನನ್ನ ಅಂಗಡಿಯಲ್ಲಿ ನಾನು ಅಳತೆಯನ್ನು ಬರೆದುಕೊಳ್ಳುತ್ತೇನೆ, ಬಾಯಿಬಿಟ್ಟು ಹೇಳುವುದಿಲ್ಲ. ಟೈಲರ್‌ಗೆ ಆಗುವುದು ಆಸ್ಪತ್ರೆಗೆ ಆಗಲ್ವಾ.

ಸಕ್ಕರೆ ಕಾಯಿಲೆ, ಬಿಪಿ ನೋಡುವ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಆಹಾರದ ಬಗ್ಗೆ ಮಾತಾಡುವವರು ವಾರಕ್ಕೆ ಒಂದು ದಿನವಾದರೂ ಇರಲಿ. ಜೋಳ, ಪುಂಡಿಪಲ್ಯ, ಬೇಳೆ, ಶೇಂಗಾ, ಮೊಸರು ಗೊತ್ತಿರುವವರು ಇರಲಿ. ಓಟ್ಸ್ ತಿನ್ನಿ ಅಂತ ಕುಷ್ಟಗಿಯ ಹಳ್ಳಿಯವಳಿಗೆ ಹೇಳಿ ಕಳಿಸಬೇಡಿ. ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್ ಅಂತ ಇದೆ, ಅಲ್ಲಿಯೂ ಈ ಮಾತು ಬರಲಿ. ಊಟ ಅಂದರೆ ಭಯ, ತಿಂದ ಮೇಲೆ ವಾಂತಿ ಮಾಡುವುದು, ಗುಟ್ಟಾಗಿ ಒಮ್ಮೆಲೇ ತುಂಬಾ ತಿನ್ನುವುದು, ಇದು ನಮ್ಮ ಊರಲ್ಲೂ ಇದೆ, ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿಕೊಂಡಿದ್ದಾರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ನಾನು ಗೋಡೆಗೆ ಅಂಟಿಸಿದ್ದೇನೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಮ ಕೇಂದ್ರಗಳಲ್ಲೂ ಹೆಂಗಸರು ಕೂರುವ ಜಾಗದಲ್ಲಿ ಅಂಟಿಸಿ.

ಕೊನೆಯದು ಸ್ವಲ್ಪ ಕಷ್ಟದ್ದು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ, ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿ ಇದೆ. ಬೊಜ್ಜು ಆ ಪಟ್ಟಿಯಲ್ಲಿದೆ. ಇದನ್ನು ಕೇಳಿದರೆ ಮಾರುವವರು 'ಇದು ಔಷಧ ಅಲ್ರೀ, ಆಹಾರ' ಅನ್ನುತ್ತಾರೆ. ಸರಿ, ಆಹಾರ ಅನ್ನೋಣ. ಹಾಗಾದರೆ 2006ರ ಆಹಾರ ಸುರಕ್ಷತಾ ಕಾಯ್ದೆ ಇದೆ, ಅದರ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ. ತಿಂಗಳಿಗೆ ಹತ್ತು ಕಿಲೊ ಗ್ಯಾರಂಟಿ, ಥೈರಾಯ್ಡ್ ಮಾತ್ರೆ ಬಿಡಬಹುದು, ಪಿಸಿಒಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಮಾಯ ಅಂತ ಬಣ್ಣದ ಕಾಗದ ಹಂಚುತ್ತಾರೆ. ದಿನಪತ್ರಿಕೆಯೊಳಗೆ ಇಟ್ಟು ಮನೆಮನೆಗೆ ಬರುತ್ತದೆ. ಎರಡು ಕಾಯ್ದೆಯಲ್ಲಿ ಒಂದಕ್ಕೂ ಅದು ಸಿಕ್ಕುವುದಿಲ್ಲವಾ? ಕಾಗದ ನಾನು ಎತ್ತಿಟ್ಟಿದ್ದೇನೆ, ಬೇಕಾದರೆ ಕೊಡುತ್ತೇನೆ.

ಜನವರಿಯಲ್ಲಿ ಜಾತ್ರೆ. ಅದಕ್ಕೆ ಮುಂಚೆ ಇವರ ಜಾತ್ರೆ ಆಫರ್ ಶುರುವಾಗುತ್ತದೆ, ಎರಡು ಡಬ್ಬಿಗೆ ಒಂದು ಫ್ರೀ. ಡಿಸೆಂಬರ್‌ನಲ್ಲೇ ಆಹಾರ ಸುರಕ್ಷತಾ ಅಧಿಕಾರಿಗಳನ್ನು ಕರೆದುಕೊಂಡು ಒಂದು ಸುತ್ತು ಹಾಕಿ. ಆಫೀಸ್ ಟೈಮಿಗೆ ಹೋಗಬೇಡಿ. ಬೆಳಿಗ್ಗೆ ಏಳಕ್ಕೆ ಹೋಗಿ, ಹತ್ತಾದರೆ ಬಾಗಿಲು ಹಾಕಿ ಬೋರ್ಡೂ ಒಳಗಿಟ್ಟಿರುತ್ತಾರೆ.

ಇಂತಿ,
ಕೊಪ್ಪಳದ ಒಬ್ಬ ಲೇಡೀಸ್ ಟೈಲರ್